ಕೊನೆಯ ತಟ್ಟೆಯ ಲೆಕ್ಕ: ಸುಲಭ ಪೌಷ್ಟಿಕ ಆಹಾರ ಮತ್ತು ಊಟದ ದಾಖಲೆ

(ಗ್ರಾಮ ಪಂಚಾಯಿತಿ ಸದಸ್ಯರ ತರಬೇತಿ ಶಿಬಿರದಲ್ಲಿ ನೀಡಲಾದ ಉಪನ್ಯಾಸದ ಪಠ್ಯ)



ಗ್ರಾಮ ಪಂಚಾಯಿತಿಯ ಕಚೇರಿಯಲ್ಲಿ ಆಹಾರದ ದಾಖಲೆಯೊಂದು ಈಗಾಗಲೇ ಇದೆ. ಅದು ಸಾಮಾನ್ಯ ಸಭೆಯ ಉಪಾಹಾರದ ಓಚರು. ಎಷ್ಟು ಲೋಟ ಚಹಾ, ಎಷ್ಟು ತಟ್ಟೆ ಬೋಂಡಾ, ಎಷ್ಟು ಪೊಟ್ಟಣ ಬಿಸ್ಕತ್ತು ಎಂಬುದು ಅದರಲ್ಲಿ ನಮೂದಾಗಿರುತ್ತದೆ. ಹಣದ ಲೆಕ್ಕಕ್ಕಾಗಿ ಬರೆದಿಟ್ಟ ಆ ಕಾಗದವನ್ನು ಆರೋಗ್ಯದ ಲೆಕ್ಕವಾಗಿ ಓದುವ ರೂಢಿ ಇಲ್ಲ. ಹಾಗೆ ಓದಿದರೆ, ಒಂದು ದಿನದ ಸಭೆಯಲ್ಲಿ ಸದಸ್ಯರ ಹೊಟ್ಟೆಗೆ ಸೇರಿದ ಸಕ್ಕರೆ ಮತ್ತು ಎಣ್ಣೆ ಎಷ್ಟೆಂಬುದು ತಿಳಿಯುತ್ತದೆ. ತರಕಾರಿ, ಹಣ್ಣು, ಕಾಳುಗಳು ಆ ಪಟ್ಟಿಯಲ್ಲಿ ಇಲ್ಲವೆಂಬುದೂ ಕಾಣುತ್ತದೆ.

ಸದಸ್ಯರ ದಿನಚರಿಗೆ ನಿಗದಿತ ವೇಳೆಯಿಲ್ಲ. ಬೆಳಿಗ್ಗೆ ನೀರಿನ ದೂರು, ಮಧ್ಯಾಹ್ನ ತಾಲ್ಲೂಕು ಕಚೇರಿ, ಸಂಜೆ ವಾರ್ಡಿನ ಮದುವೆ ಮನೆ ಅಥವಾ ನಾಮಕರಣ. ಹೋದ ಮನೆಯಲ್ಲೆಲ್ಲಾ ಚಹಾ ಕುಡಿಯದೆ ಏಳುವಂತಿಲ್ಲ. ಲೋಟವೊಂದಕ್ಕೆ ಎರಡು ಚಮಚ, ಅಂದರೆ ಸುಮಾರು 10 ಗ್ರಾಂ ಸಕ್ಕರೆಯಂತೆ ಲೆಕ್ಕ ಹಾಕಿದರೆ, 6 ಲೋಟ ಚಹಾದಲ್ಲಿ 60 ಗ್ರಾಂ ಆಯಿತು. ದಿನಕ್ಕೆ 2000 ಕ್ಯಾಲೊರಿ ಆಹಾರ ಸೇವಿಸುವವರಿಗೆ ಸಕ್ಕರೆ 50 ಗ್ರಾಂ ಮೀರಬಾರದು, 25 ಗ್ರಾಂ ಒಳಗಿದ್ದರೆ ಇನ್ನೂ ಒಳ್ಳೆಯದು ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ ಸಲಹೆಯ ಸಾರಾಂಶ. ಎಷ್ಟು ಚಹಾ ಕುಡಿದಿರೆಂದು ಕೇಳಿದರೆ "ಎರಡೋ ಮೂರೋ" ಎಂಬ ಉತ್ತರ ಬರುವುದು ಸಹಜ. ಅದು ಸುಳ್ಳಲ್ಲ, ಮನಸ್ಸು ಮನೆಯಲ್ಲಿ ಕುಡಿದದ್ದನ್ನು ಎಣಿಸುತ್ತದೆ, ದಾರಿಯಲ್ಲಿ ಕುಡಿದದ್ದನ್ನು ಬಿಟ್ಟುಬಿಡುತ್ತದೆ. ಬರೆದಿಡಬೇಕಾದ ಮೊದಲ ಕಾರಣ ಇದು.

ತುಂಬಿದ ಟ್ಯಾಂಕು, ಒಣಗಿದ ನಲ್ಲಿ

ಎರಡನೆಯ ಕಾರಣ ಇದಕ್ಕಿಂತ ದೊಡ್ಡದು. ಕುಡಿಯುವ ನೀರಿನ ಯೋಜನೆಯನ್ನು ಬಲ್ಲ ಪ್ರತಿಯೊಬ್ಬ ಸದಸ್ಯರಿಗೂ ಒಂದು ವಿಷಯ ಗೊತ್ತು: ಓವರ್‌ಹೆಡ್ ಟ್ಯಾಂಕು ತುಂಬಿದೆ ಎಂದ ಮಾತ್ರಕ್ಕೆ ಕೊನೆಯ ಬೀದಿಯ ನಲ್ಲಿಯಲ್ಲಿ ನೀರು ಬರುತ್ತದೆಂದು ಹೇಳಲಾಗದು. ಅದನ್ನು ತಿಳಿಯಲು ಕೊನೆಯ ಮನೆಯ ಮುಂದೆ ಕೊಡವಿಟ್ಟು ನೋಡಬೇಕು. ಆಹಾರದ ವಿಚಾರವೂ ಹಾಗೆಯೇ. ಮನೆಗೆ ಬಂದ ದಿನಸಿ ಟ್ಯಾಂಕಿನ ನೀರಾದರೆ, ಎಲ್ಲರಿಗೂ ಬಡಿಸಿ ಕೊನೆಯಲ್ಲಿ ಕುಳಿತವರ ತಟ್ಟೆಯೇ ಕೊನೆಯ ನಲ್ಲಿ.

2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ 15ರಿಂದ 49 ವರ್ಷದ ಮಹಿಳೆಯರಲ್ಲಿ ಶೇ 47.8ರಷ್ಟು ಮಂದಿಗೆ ರಕ್ತಹೀನತೆ ಇದೆ. 5 ವರ್ಷದೊಳಗಿನ ಮಕ್ಕಳಲ್ಲಿ ಶೇ 35.4ರಷ್ಟು ಮಕ್ಕಳು ವಯಸ್ಸಿಗೆ ತಕ್ಕ ಎತ್ತರ ಬೆಳೆದಿಲ್ಲ. ರಾಗಿ, ಜೋಳ, ಹುರುಳಿ, ಸೊಪ್ಪು, ಹಾಲು ಎಲ್ಲವನ್ನೂ ಬೆಳೆಯುವ ನಾಡಿನ ಅಂಕಿಅಂಶಗಳಿವು.

ಉದಾಹರಣೆಗಾಗಿ ಒಂದು ಮನೆಯನ್ನು ಊಹಿಸಬಹುದು. ಅಲ್ಲಿ ತಿಂಗಳಿಗೆ 3 ಕಿಲೋ ತೊಗರಿಬೇಳೆ ಖರ್ಚಾಗುತ್ತದೆ. ದಿನವೂ ಸಾರಿಗೆ ಬೇಳೆ ಬೀಳುತ್ತದೆ. ಮೊದಲು ಮಾವ, ಆಮೇಲೆ ಗಂಡ, ಮಕ್ಕಳು, ಬಳಿಕ ಅತ್ತೆ ಊಟ ಮುಗಿಸುತ್ತಾರೆ. ಸೊಸೆ ತಟ್ಟೆ ಹಾಕಿಕೊಳ್ಳುವ ವೇಳೆಗೆ ಪಾತ್ರೆಯಲ್ಲಿ ಉಳಿದಿರುವುದು ತಿಳಿಸಾರು. ಅವಳು ಒಂದು ವಾರ ತನ್ನ ಊಟವನ್ನು ಬರೆದಿಟ್ಟರೆ ಪುಸ್ತಕದಲ್ಲಿ "ಮುದ್ದೆ ಒಂದು, ತಿಳಿಸಾರು ಒಂದು ಸೌಟು, ಪಲ್ಯ ಇಲ್ಲ" ಎಂಬ ಸಾಲು ಮತ್ತೆ ಮತ್ತೆ ಬರುತ್ತದೆ. ಮನೆಯಲ್ಲಿ ಯಾರೂ ಅವಳಿಗೆ ಬೇಡವೆಂದವರಿಲ್ಲ, ಬೇಳೆಗೆ ಬಡತನವೂ ಇಲ್ಲ. ಬಡಿಸುವ ಕ್ರಮದಲ್ಲಿ ನಡೆಯುತ್ತಿದ್ದ ಸೋರಿಕೆ ಅಲ್ಲಿಯವರೆಗೆ ಯಾರ ಕಣ್ಣಿಗೂ ಬಿದ್ದಿರಲಿಲ್ಲ, ಅಷ್ಟೆ. ಇದಕ್ಕೆ ಪರಿಹಾರವೂ ಸುಲಭ: ಬಡಿಸಲು ಆರಂಭಿಸುವ ಮೊದಲೇ ಸೊಸೆಯ ಪಾಲಿನ ಗಟ್ಟಿ ಸಾರು ಮತ್ತು ಪಲ್ಯವನ್ನು ಒಂದು ಬಟ್ಟಲಿಗೆ ಎತ್ತಿಡುವುದು, ಇಲ್ಲವೇ ಒಂದು ಹೊತ್ತಾದರೂ ಎಲ್ಲರೂ ಒಟ್ಟಿಗೆ ಕುಳಿತು ಉಣ್ಣುವುದು. ಗರ್ಭಿಣಿ ಮತ್ತು ಬಾಣಂತಿಯರಿಗಾಗಿ 2017ರಲ್ಲಿ ರಾಜ್ಯದಾದ್ಯಂತ ಜಾರಿಗೆ ಬಂದ ಮಾತೃಪೂರ್ಣ ಯೋಜನೆಯಲ್ಲಿ ಬಿಸಿಯೂಟವನ್ನು ಅಂಗನವಾಡಿಯಲ್ಲೇ ಬಡಿಸುವ ಕ್ರಮವಿರುವುದರ ಅನುಕೂಲವೂ ಇದೇ. ಅಲ್ಲಿ ಬಡಿಸಿದ ಊಟ ಹಂಚಿಹೋಗದೆ ಅವಳ ಹೊಟ್ಟೆಯನ್ನೇ ಸೇರುತ್ತದೆ.

ಏಳು ದಿನದ ಪುಸ್ತಕ

ದಾಖಲೆಗೆ ಎರಡು ನೂರು ಪುಟದ ವಹಿ ಬೇಡ. ಜೇಬಿನಲ್ಲಿ ಹಿಡಿಸುವ ಚಿಕ್ಕ ನೋಟುಪುಸ್ತಕ ಸಾಕು. ನಾಲ್ಕು ಅಂಕಣಗಳಿರಲಿ: ವೇಳೆ, ತಿಂದ ಪದಾರ್ಥ, ಪ್ರಮಾಣ, ಸ್ಥಳ. ಪಾಲಿಸಬೇಕಾದ ನಿಯಮಗಳು ಇಷ್ಟೆ:

1. ತಿಂದ ಕೂಡಲೇ ಬರೆಯಬೇಕು. ರಾತ್ರಿ ಒಟ್ಟಿಗೆ ಬರೆಯಲು ಕುಳಿತರೆ ದಾರಿಯ ಚಹಾ, ಅಂಗಡಿಯ ಖಾರ, ಮಕ್ಕಳ ತಟ್ಟೆಯಲ್ಲಿ ಉಳಿದ ತುತ್ತು ಮರೆತುಹೋಗುತ್ತವೆ. ಬರೆಯಲು ಆಗದಿದ್ದಾಗ ತಟ್ಟೆಯ ಫೋಟೊ ತೆಗೆದಿಟ್ಟುಕೊಳ್ಳಬಹುದು.

2. ಪ್ರಮಾಣವನ್ನು ಮನೆಯ ಅಳತೆಯಲ್ಲೇ ಬರೆಯಬೇಕು: ಮುದ್ದೆ, ರೊಟ್ಟಿ, ಸೌಟು, ಬಟ್ಟಲು, ಲೋಟ, ಹಿಡಿ. ತಕ್ಕಡಿ ಬೇಕಿಲ್ಲ. ಆದರೆ ವಾರವಿಡೀ ಅದೇ ಸೌಟು, ಅದೇ ಬಟ್ಟಲು ಬಳಕೆಯಲ್ಲಿರಬೇಕು. ಅಳತೆಗೋಲು ಬದಲಾದರೆ ಅಳತೆ ಕೆಟ್ಟಂತೆ.

3. ಮೊದಲ ಏಳು ದಿನ ಊಟದಲ್ಲಿ ಯಾವ ಬದಲಾವಣೆಯನ್ನೂ ಮಾಡಬಾರದು. ರಸ್ತೆಗೆ ಅಂದಾಜುಪಟ್ಟಿ ತಯಾರಿಸುವ ಮೊದಲು ಇರುವ ರಸ್ತೆಯನ್ನು ಅಳೆಯುತ್ತಾರೆ. ಇಲ್ಲಿಯೂ ಇದ್ದದ್ದು ಇದ್ದಂತೆ ದಾಖಲಾಗಬೇಕು. ಸಂತೆಯ ದಿನ ಮತ್ತು ಹಬ್ಬದ ದಿನವೂ ಸೇರಿರಲಿ.

4. ಎಂಟನೆಯ ದಿನ ಓದಿ, ಒಂದೇ ಒಂದು ಬದಲಾವಣೆಯನ್ನು ಆರಿಸಿಕೊಳ್ಳಬೇಕು. ಮುಂದಿನ ಎರಡು ವಾರ ಅದೊಂದನ್ನೇ ಪಾಲಿಸಬೇಕು. ಅದು ರೂಢಿಯಾದ ಮೇಲೆ ಎರಡನೆಯದು.

ಅಕ್ಷರ ಬಾರದವರಿಗೂ ಈ ಲೆಕ್ಕ ಸಾಧ್ಯ. ಅಡುಗೆಮನೆಯ ಕ್ಯಾಲೆಂಡರಿನಲ್ಲಿ ಆಯಾ ದಿನಾಂಕದ ಕೆಳಗೆ ಸೊಪ್ಪು ತಿಂದರೆ ಒಂದು ಗೆರೆ, ಕಾಳು ಅಥವಾ ಮೊಟ್ಟೆ ತಿಂದರೆ ಒಂದು ಚುಕ್ಕೆ, ಹಣ್ಣಿಗೆ ಒಂದು ಸೊನ್ನೆ ಹಾಕಬಹುದು. ಚಹಾ ಕುಡಿದಾಗಲೆಲ್ಲ ಒಂದು ಡಬ್ಬಿಗೆ ಒಂದು ಹುಣಸೆಬೀಜ ಹಾಕಿದರೂ ಸಾಕು. ವಾರದ ಕೊನೆಗೆ ಎಣಿಸಿದರೆ ಲೆಕ್ಕ ಸಿಗುತ್ತದೆ.

ದಿನಸಿ ಚೀಟಿಯಲ್ಲಿ ಕಾಣುವ ಲೆಕ್ಕ

ಎಣ್ಣೆ, ಉಪ್ಪು, ಸಕ್ಕರೆಗಳನ್ನು ತಟ್ಟೆಯಲ್ಲಿ ಅಳೆಯುವುದು ಕಷ್ಟ. ಅವುಗಳಿಗೆ ತಿಂಗಳ ದಿನಸಿ ಚೀಟಿಯೇ ಆಧಾರ. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯು 2000 ಕ್ಯಾಲೊರಿಯ ಒಂದು ದಿನದ ಆಹಾರಕ್ಕೆ ಸೂಚಿಸಿರುವ ಎಣ್ಣೆ, ಕೊಬ್ಬುಗಳ ಪ್ರಮಾಣ 27 ಗ್ರಾಂ. ನಾಲ್ಕು ಮಂದಿಗೆ 30 ದಿನಕ್ಕೆ ಇದು 3,240 ಗ್ರಾಂ ಆಗುತ್ತದೆ. ಒಂದು ಲೀಟರ್ ಎಣ್ಣೆಯ ತೂಕ ಸುಮಾರು 910 ಗ್ರಾಂ ಇರುವುದರಿಂದ, ತುಪ್ಪ ಬೆಣ್ಣೆಗಳೂ ಸೇರಿ ಇದು ಸುಮಾರು ಮೂರೂವರೆ ಲೀಟರ್. ಅದೇ ಮನೆಯಲ್ಲಿ 5 ಲೀಟರಿನ ಕ್ಯಾನು ತಿಂಗಳಲ್ಲಿ ಖಾಲಿಯಾಗುತ್ತಿದ್ದರೆ ತಲೆಗೆ 38 ಗ್ರಾಂ ಬೀಳುತ್ತಿದೆ ಎಂದರ್ಥ.

ಉಪ್ಪು ದಿನಕ್ಕೆ 5 ಗ್ರಾಂ, ಅಂದರೆ ಒಂದು ಚಮಚ ಮೀರಬಾರದು. ಆ ಲೆಕ್ಕದಲ್ಲಿ ನಾಲ್ಕು ಮಂದಿಯ ಮನೆಗೆ ಒಂದು ಕಿಲೋ ಉಪ್ಪು 50 ದಿನ ಬರಬೇಕು. ಒಂದೇ ತಿಂಗಳಿಗೆ ಮುಗಿಯುತ್ತಿದ್ದರೆ ತಲೆಗೆ 8 ಗ್ರಾಂ ಮೀರಿದೆ. ಹೊರಗಿನಿಂದ ತಂದ ಉಪ್ಪಿನಕಾಯಿ, ಹಪ್ಪಳ, ಖಾರ ಇನ್ನೂ ಬೇರೆ. ರಕ್ತದೊತ್ತಡ ಇರುವ ಮನೆಗಳಲ್ಲಿ ಉಪ್ಪಿನ ಪೊಟ್ಟಣ ಒಡೆದ ದಿನಾಂಕವನ್ನು ಅದರ ಮೇಲೆಯೇ ಬರೆದಿಡುವುದು ಒಳ್ಳೆಯ ಅಭ್ಯಾಸ. ಬೆಲ್ಲವನ್ನು ಸಕ್ಕರೆಯ ಲೆಕ್ಕಕ್ಕೇ ಸೇರಿಸಬೇಕು. ಬಣ್ಣ ಬೇರೆಯಾದರೂ ಮಧುಮೇಹಿಗಳಿಗೆ ಅದೂ ಸಕ್ಕರೆಯೇ.

ಸುಲಭವಾಗಿ ದೊರೆಯುವ ಆಹಾರ

ಅದೇ ಸಂಸ್ಥೆಯ ಸಲಹೆಯಂತೆ ಒಂದು ದಿನದ ತಟ್ಟೆಯಲ್ಲಿ ಧಾನ್ಯ 250 ಗ್ರಾಂ ಇದ್ದರೆ ತರಕಾರಿ, ಸೊಪ್ಪು 400 ಗ್ರಾಂ, ಹಣ್ಣು 100 ಗ್ರಾಂ, ಹಾಲು ಅಥವಾ ಮೊಸರು 300 ಮಿಲಿಲೀಟರ್ ಇರಬೇಕು. ತಟ್ಟೆಯ ಅರ್ಧಭಾಗ ತರಕಾರಿ, ಹಣ್ಣುಗಳಿಂದ ತುಂಬಬೇಕೆಂಬುದು ಇದರ ತಾತ್ಪರ್ಯ. ಹಳ್ಳಿಯ ಊಟದಲ್ಲಿ ಸಾಮಾನ್ಯವಾಗಿ ಅನ್ನದ ರಾಶಿಯ ಪಕ್ಕ ಒಂದು ಚಮಚ ಪಲ್ಯವಿರುತ್ತದೆ. ಇದನ್ನು ಸರಿಪಡಿಸಲು ಪೇಟೆಯ ದುಬಾರಿ ಪುಡಿಗಳ ಅಗತ್ಯವಿಲ್ಲ.

ಹೆಸರುಕಾಳು, ಹುರುಳಿಕಾಳು, ಅಲಸಂದೆಗಳನ್ನು ರಾತ್ರಿ ನೆನೆಸಿ, ಬೆಳಿಗ್ಗೆ ನೀರು ಬಸಿದು ಬಟ್ಟೆಯಲ್ಲಿ ಕಟ್ಟಿಟ್ಟರೆ ಮರುದಿನಕ್ಕೆ ಮೊಳಕೆ ಸಿದ್ಧ. ಮೊಳಕೆ ಬಂದ ಕಾಳಿನಲ್ಲಿ ಸಿ ಜೀವಸತ್ವ ಹೆಚ್ಚುತ್ತದೆ, ಕಬ್ಬಿಣಾಂಶವೂ ದೇಹಕ್ಕೆ ಸುಲಭವಾಗಿ ಸೇರುತ್ತದೆ. ಬಸ್ಸಾರು ಮಾಡುವ ಮನೆಯಲ್ಲಿ ಬಸಿದ ಸೊಪ್ಪು, ಕಾಳು ಪಲ್ಯವಾಗಿ ತಟ್ಟೆಗೆ ಬರುವುದರಿಂದ ಒಂದೇ ಅಡುಗೆಯಲ್ಲಿ ಎರಡು ಕೆಲಸ ಆಗುತ್ತದೆ. ಉತ್ತರದ ಜಿಲ್ಲೆಗಳ ಜೋಳದ ರೊಟ್ಟಿ, ಕಾಳುಪಲ್ಯ, ಶೇಂಗಾ ಚಟ್ನಿ, ಹಸಿ ಸೊಪ್ಪು, ಈರುಳ್ಳಿಗಳ ಊಟವೂ, ಕರಾವಳಿಯ ಕುಚ್ಚಲಕ್ಕಿ ಅನ್ನ, ಮೀನು, ಬಸಳೆಗಳ ಊಟವೂ ಇದೇ ಮಾದರಿಯವು. ಹೊಲಕ್ಕೆ ಅಥವಾ ಕಚೇರಿಗೆ ಹೋಗುವವರು ಒಂದು ಹಿಡಿ ಹುರಿದ ಕಡಲೆ, ಬೇಯಿಸಿದ ಕಡಲೆಕಾಯಿ, ಒಂದು ಬಾಳೆಹಣ್ಣು, ಬೇಯಿಸಿದ ಮೊಟ್ಟೆ ಒಯ್ದರೆ ಹೋಟೆಲಿನ ಬೋಂಡಾ ತಪ್ಪುತ್ತದೆ.

ಎರಡು ಎಚ್ಚರಿಕೆಗಳು ಅಗತ್ಯ. ರಾಗಿಯ 100 ಗ್ರಾಂನಲ್ಲಿ ಸುಮಾರು 350 ಮಿಲಿಗ್ರಾಂ ಸುಣ್ಣದ ಅಂಶವಿದ್ದು, ಅಕ್ಕಿ ಅದರ ಹತ್ತಿರಕ್ಕೂ ಬಾರದು. ಆದರೆ ರಾಗಿಯಲ್ಲೂ ಪಿಷ್ಟವೇ ಹೆಚ್ಚು. ಮಧುಮೇಹಿಗಳು ಮುದ್ದೆಯ ಗಾತ್ರವನ್ನು ಲೆಕ್ಕದಲ್ಲಿಡಬೇಕು. ಎರಡನೆಯದಾಗಿ, ಊಟದ ಬೆನ್ನಲ್ಲೇ ಕುಡಿಯುವ ಚಹಾ, ಕಾಫಿ ಸೊಪ್ಪು ಕಾಳುಗಳ ಕಬ್ಬಿಣಾಂಶ ದೇಹಕ್ಕೆ ಸೇರುವುದನ್ನು ತಡೆಯುತ್ತದೆ. ಒಂದು ಗಂಟೆಯಾದರೂ ಅಂತರವಿರಬೇಕು. ಅದರ ಬದಲು ಸೊಪ್ಪಿನ ಪಲ್ಯಕ್ಕೆ ನಿಂಬೆರಸ ಹಿಂಡಿದರೆ, ಊಟದೊಂದಿಗೆ ಸೀಬೆಹಣ್ಣು ಅಥವಾ ನೆಲ್ಲಿಕಾಯಿ ತಿಂದರೆ ಕಬ್ಬಿಣಾಂಶ ಹೆಚ್ಚು ದಕ್ಕುತ್ತದೆ.

ಪಂಚಾಯಿತಿ ಮಾಡಬಹುದಾದ ಕೆಲಸ

ಮಹಿಳೆಯರ ಆಹಾರ ವೈವಿಧ್ಯವನ್ನು ಅಳೆಯಲು ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆಯು ಸರಳ ಮಾಪನವೊಂದನ್ನು ಪ್ರಚಾರಕ್ಕೆ ತಂದಿದೆ. ಅದರಲ್ಲಿ ಹತ್ತು ಗುಂಪುಗಳಿವೆ: ಧಾನ್ಯ ಮತ್ತು ಗೆಡ್ಡೆ, ಬೇಳೆಕಾಳು, ಎಣ್ಣೆಬೀಜ, ಹಾಲಿನ ಪದಾರ್ಥ, ಮಾಂಸ ಮೀನು, ಮೊಟ್ಟೆ, ಹಸಿರು ಸೊಪ್ಪು, ಪರಂಗಿ, ಕುಂಬಳದಂತಹ ಹಳದಿ ಕೆಂಪು ಬಣ್ಣದವು, ಇತರ ತರಕಾರಿ, ಇತರ ಹಣ್ಣು. ಹಿಂದಿನ ಒಂದು ಹಗಲು, ಒಂದು ರಾತ್ರಿಯಲ್ಲಿ ಕನಿಷ್ಠ ಐದು ಗುಂಪಿನ ಆಹಾರ ತಿಂದವರು ಎಷ್ಟು ಮಂದಿ ಎಂದು ಎಣಿಸಿದರೆ ಆ ಊರಿನ ಸ್ಥಿತಿ ತಿಳಿಯುತ್ತದೆ. ಗ್ರಾಮ ಆರೋಗ್ಯ, ನೈರ್ಮಲ್ಯ ಮತ್ತು ಪೌಷ್ಟಿಕತಾ ಸಮಿತಿಯು ಆಶಾ ಮತ್ತು ಅಂಗನವಾಡಿ ಕಾರ್ಯಕರ್ತೆಯರ, ಸಂಜೀವಿನಿ ಒಕ್ಕೂಟದ ಸಹಕಾರದಿಂದ ಈ ಎಣಿಕೆಯನ್ನು ವರ್ಷಕ್ಕೆ ಎರಡು ಬಾರಿ ನಡೆಸಬಹುದು: ಸೊಪ್ಪು ಸಮೃದ್ಧವಾಗಿರುವ ಮಳೆಗಾಲದಲ್ಲೊಮ್ಮೆ, ಬೇಸಿಗೆಯಲ್ಲೊಮ್ಮೆ. ಬೇಸಿಗೆಯಲ್ಲಿ ಸೊಪ್ಪಿನ ಗುಂಪು ಖಾಲಿಯಾಗುವ ಊರಿನಲ್ಲಿ ಶಾಲೆ, ಅಂಗನವಾಡಿಗಳ ಆವರಣದಲ್ಲಿ, ಕೈತೊಳೆಯುವ ನೀರು ಹರಿಯುವ ಕಡೆ ನುಗ್ಗೆ, ಪರಂಗಿ ನೆಡಿಸುವ ತೀರ್ಮಾನಕ್ಕೆ ಆಗ ಆಧಾರ ಸಿಗುತ್ತದೆ.

ಈ ಕೆಲಸದಲ್ಲಿ ಒಂದು ಮರ್ಯಾದೆ ಪಾಲನೆಯಾಗಬೇಕು. ಊಟದ ಪುಸ್ತಕ ಬರೆದವರ ಸ್ವಂತದ್ದು. ಯಾರ ಮನೆಯಲ್ಲಿ ಏನು ಬೇಯುತ್ತದೆ ಎಂಬುದು ಗ್ರಾಮಸಭೆಯ ಚರ್ಚೆಯ ವಸ್ತುವಾಗಕೂಡದು. ಸಭೆಯ ಮುಂದೆ ಬರಬೇಕಾದದ್ದು ಹೆಸರಿಲ್ಲದ ಸಂಖ್ಯೆ ಮಾತ್ರ. ಬೆಳೆಯುವ ಮಕ್ಕಳಿಗೆ ಕ್ಯಾಲೊರಿ ಎಣಿಸುವ ಭಯ ಹುಟ್ಟಿಸಬಾರದು. ಮಧುಮೇಹ, ಮೂತ್ರಪಿಂಡದ ತೊಂದರೆ ಇರುವವರು ಹಾಗೂ ಗರ್ಭಿಣಿಯರು ಆಹಾರ ಬದಲಿಸುವ ಮೊದಲು ತಮ್ಮ ಪುಸ್ತಕವನ್ನು ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರಿಗೆ ತೋರಿಸಬೇಕು. ಏಳು ದಿನದ ಬರಹ ಕೈಯಲ್ಲಿದ್ದರೆ ವೈದ್ಯರ ಸಲಹೆಯೂ ಖಚಿತವಾಗಿರುತ್ತದೆ.

ಆರಂಭಕ್ಕೆ ಮುಂದಿನ ಸಾಮಾನ್ಯ ಸಭೆಯೇ ತಕ್ಕ ಸ್ಥಳ. ಬೋಂಡಾ, ಬಿಸ್ಕತ್ತಿನ ಜಾಗದಲ್ಲಿ ಹೆಸರುಬೇಳೆ ಕೋಸಂಬರಿ, ಬೇಯಿಸಿದ ಕಡಲೆಕಾಯಿ, ಬಾಳೆಹಣ್ಣು, ಮಜ್ಜಿಗೆ ಬರಲಿ. ಚಹಾಕ್ಕೆ ಸಕ್ಕರೆ ಬೇರೆಯಾಗಿರಲಿ, ಬೇಕಾದವರು ಹಾಕಿಕೊಳ್ಳುತ್ತಾರೆ. ಅದೇ ದಿನದಿಂದ ಪ್ರತಿಯೊಬ್ಬ ಸದಸ್ಯರೂ ತಮ್ಮದೊಂದು ಪುಸ್ತಕ ಆರಂಭಿಸಲಿ, ಮನೆಯಲ್ಲಿ ಕೊನೆಗೆ ಊಟಕ್ಕೆ ಕೂರುವವರ ಕೈಗೂ ಒಂದು ಪುಸ್ತಕ ಕೊಡಲಿ. ಸದಸ್ಯರೇ ಕೊನೆಗೆ ಕೂರುವ ಮನೆಗಳೂ ಉಂಟು. ಮಹಿಳಾ ಸದಸ್ಯರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಎಂಟನೆಯ ದಿನ ಎರಡು ಪುಸ್ತಕಗಳನ್ನೂ ಅಕ್ಕಪಕ್ಕ ಇಟ್ಟು, ಮನೆಯವರೇ ಕುಳಿತು ಓದಿದರೆ, ಮೊದಲು ಎಲ್ಲಿ ಸರಿಪಡಿಸಬೇಕೆಂಬುದು ಅವರಿಗೇ ತಿಳಿಯುತ್ತದೆ.