ಶಿಲೆಯ ಮೇಲೆ ಕುಂಚ

ಕೃಷ್ಣರಾಜಪೇಟೆಗೆ ಸಮೀಪದ ಹೊಸಹೊಳಲಿನ ಲಕ್ಷ್ಮೀನಾರಾಯಣ ದೇವಾಲಯದ ಛಾಯಾಚಿತ್ರವನ್ನು ಇಂದು ಯಾರು ಬೇಕಾದರೂ ತೆಗೆಯಬಲ್ಲರು. ಅಷ್ಟೇ ಅಲ್ಲ, ಗಣಕಯಂತ್ರದ ನೆರವಿನಿಂದ ಅದನ್ನು ಕ್ಷಣಾರ್ಧದಲ್ಲಿ ತೈಲವರ್ಣದ ಚಿತ್ರದಂತೆ ಮಾರ್ಪಡಿಸಲೂ ಬಲ್ಲರು. ಶಿಲೆಗೆ ಕುಂಚದ ಸೊಬಗು ಬಂದಿತೆಂದು ನಾವು ಹಿಗ್ಗುತ್ತೇವೆ. ಈ ಹಿಗ್ಗು ಎಲ್ಲಿಯವರೆಗೆ ಸಲ್ಲುತ್ತದೆ ಎಂಬುದೇ ನನ್ನ ಇಂದಿನ ವಿಚಾರ.

ಹಂಬಲವೇನೋ ಹೊಸತಲ್ಲ. 20ನೆಯ ಶತಮಾನದ ಆರಂಭದಲ್ಲಿಯೇ ಪಶ್ಚಿಮದ ಛಾಯಾಗ್ರಾಹಕರು ಮುದ್ರಿತ ಚಿತ್ರದ ಮೇಲೆ ಎಣ್ಣೆಶಾಯಿಯನ್ನು ಕುಂಚದಿಂದ ತಟ್ಟಿ, ತಮ್ಮ ಕೃತಿಗೆ ಚಿತ್ರಕಲೆಯ ಪದವಿಯನ್ನು ದೊರಕಿಸಲು ಹವಣಿಸಿದ್ದರು. ಆದರೆ ಎಲ್ಲಿ ಅಳಿಸಬೇಕು, ಎಲ್ಲಿ ಉಳಿಸಬೇಕು ಎಂಬ ವಿವೇಚನೆ ಆ ಕೈಗಳಿಗಿತ್ತು. ಯಂತ್ರದ ರೀತಿಯೇ ಬೇರೆ. ಜಪಾನಿನ ಕುವಾಹಾರಾ ಮತ್ತು ಸಂಗಡಿಗರು 1976ರಲ್ಲಿ ಹೃದಯದ ವೈದ್ಯಕೀಯ ಚಿತ್ರಗಳನ್ನು ತಿಳಿಗೊಳಿಸಲು ರೂಪಿಸಿದ ವಿಧಾನವೊಂದು ಇಂದು ಈ ತೈಲವರ್ಣದ ಛಾಯೆಗೂ ಬಳಕೆಯಾಗುತ್ತಿದೆ. ಪ್ರತಿಯೊಂದು ಬಿಂದುವಿನ ಸುತ್ತಣ ನಾಲ್ಕು ಚೌಕಗಳಲ್ಲಿ ಏರಿಳಿತ ಅತಿ ಕಡಿಮೆಯಿರುವುದನ್ನು ಆರಿಸಿ, ಅದರ ಸರಾಸರಿ ಬಣ್ಣವನ್ನು ಆ ಬಿಂದುವಿಗೆ ಕೊಡುವುದೇ ಅದರ ಮರ್ಮ. ದೊಡ್ಡ ಅಂಚುಗಳು ಉಳಿಯುತ್ತವೆ. ಸಣ್ಣ ವಿವರಗಳು ಕರಗುತ್ತವೆ.

ಕರಗುವುದಾದರೂ ಏನು? ನಾಗಮಂಗಲ ತಾಲ್ಲೂಕಿನ ಕಂಬದಹಳ್ಳಿಯ ಪಂಚಕೂಟ ಬಸದಿಯ ಜಿನಬಿಂಬದ ನುಣುಪು ಮೈಗೆ ಹೆಚ್ಚು ನಷ್ಟವಿಲ್ಲ. ಆದರೆ ಹೊಸಹೊಳಲಿನ ಹೊಯ್ಸಳ ಶಿಲ್ಪಿಗಳು ಬಳಸಿದ್ದು ಬಳಪದ ಕಲ್ಲನ್ನು. ಆ ಕಲ್ಲು ಮೆದುವಾದುದರಿಂದಲೇ ಹಾರದ ಮಣಿಮಣಿಯನ್ನೂ ಬಿಡಿಸಿ ಕೊರೆಯುವುದು ಅವರಿಗೆ ಸಾಧ್ಯವಾಯಿತು. ಯಂತ್ರದ ಲೆಕ್ಕದಲ್ಲಿ ಆ ಮಣಿಗಳು ಬರಿಯ ಏರಿಳಿತ. ಕೃಷ್ಣರಾಜಪೇಟೆ ತಾಲ್ಲೂಕಿನ ಗೋವಿಂದನಹಳ್ಳಿಯಲ್ಲಿ ಮಲ್ಲಿತಮ್ಮನೆಂಬ ರೂವಾರಿಯ ಹೆಸರು ಕಲ್ಲಿನಲ್ಲಿದೆ. ಏಳು ಶತಮಾನಗಳಿಗೂ ಮಿಕ್ಕಿ ಉಳಿದುಬಂದ ಅಕ್ಷರಗಳನ್ನು ಚಿತ್ರದಿಂದ ಅಳಿಸಲು ನಮಗೆ ಒಂದು ಗುಂಡಿ ಸಾಕು!

ಶ್ರೀರಂಗಪಟ್ಟಣದ ದರಿಯಾ ದೌಲತ್ ನಮಗೊಂದು ಪಾಠ. 1784ರ ಆ ಅರಮನೆಯ ಗೋಡೆಯ ಮೇಲೆ 1780ರ ಪೊಳ್ಳಿಲೂರು ಯುದ್ಧದ ಚಿತ್ರವಿದೆ. ಮಾಸಿಹೋಗಿದ್ದ ಅದನ್ನು ಡಾಲ್‌ಹೌಸಿಯ ಆಜ್ಞೆಯಂತೆ 1855ರಲ್ಲಿ ಮತ್ತೆ ಬರೆಸಿದರು. ಮೂಲ ಕಲಾವಿದನ ರೇಖೆ ಎಷ್ಟು, ಆಮೇಲಿನ ಕೈ ಎಷ್ಟು ಎಂದು ಇಂದು ನೋಡುವವರು ವಿಂಗಡಿಸುವುದು ಸುಲಭವಲ್ಲ.

ಇದು ಕೇವಲ ಪಂಡಿತರ ಚಿಂತೆಯಲ್ಲ. ತಮಿಳುನಾಡಿನ ಶ್ರೀಪುರಂದಾನ್ ದೇವಾಲಯದಿಂದ ಕಳುವಾದ ನಟರಾಜ ವಿಗ್ರಹ 2014ರಲ್ಲಿ ಆಸ್ಟ್ರೇಲಿಯದಿಂದ ಮರಳಿತು. ಅದರ ಗುರುತಿಗೆ ನೆರವಾದುವು ಪುದುಚೇರಿಯ ಫ್ರೆಂಚ್ ಸಂಸ್ಥೆಯಲ್ಲಿದ್ದ ಹಳೆಯ ಛಾಯಾಚಿತ್ರಗಳು. ಬಣ್ಣ ಬಳಿದು ನಯಗೊಳಿಸಿದ ಚಿತ್ರ ಅಂಥ ಸಾಕ್ಷ್ಯವನ್ನು ನುಡಿಯಲಾರದು.

ಹಾಗೆಂದು ಕುಂಚದ ಆಟವೇ ಬೇಡವೆಂದು ನಾನು ಹೇಳುವುದಿಲ್ಲ. ಪಾಂಡವಪುರದ ಬಳಿಯ ತೊಣ್ಣೂರಿಗೋ ಮೇಲುಕೋಟೆಗೋ ಹೋದವರು ತಾವು ತೆಗೆದ ಮೂಲ ಚಿತ್ರವನ್ನು ಮೊದಲು ಕಾಪಾಡಲಿ. ಸ್ಥಳವನ್ನೂ ದಿನಾಂಕವನ್ನೂ ಬರೆದಿಡಲಿ. ಅದರ ಪ್ರತಿಯೊಂದಕ್ಕೆ ಬೇಕಾದ ಬಣ್ಣ ಕೊಟ್ಟು, ಇದು ಮಾರ್ಪಡಿಸಿದ ಚಿತ್ರವೆಂದು ಕೆಳಗೆ ತಿಳಿಸಲಿ. ವಿಗ್ರಹದ ಮುಕ್ಕಾದ ಮೂಗು ಮೂಲ ಚಿತ್ರದಲ್ಲಿ ಮುಕ್ಕಾಗಿಯೇ ಇರಲಿ. ಅದೂ ಆ ವಿಗ್ರಹದ ಚರಿತ್ರೆಯೇ.