ಈಳಿಗೆಮಣೆಗೊಂದು ಜಾಗ

(ಹೈದರಾಬಾದಿನ ಕನ್ನಡಿಗರ ಸಭೆಯೊಂದರಲ್ಲಿ ಮಾಡಿದ ಭಾಷಣದ ಬರಹರೂಪ)



ನಮ್ಮ ಮಕ್ಕಳ ಉದ್ಯೋಗವನ್ನು ಕುರಿತು ಮಾತನಾಡಬೇಕೆಂದು ಸಂಘದವರು ಅಪ್ಪಣೆ ಮಾಡಿದ್ದಾರೆ. ಕೇಂದ್ರ ಸರಕಾರದ ಕಡತಗಳ ನಡುವೆ ಮೂವತ್ತು ವರ್ಷ ಕಳೆದವನು ನಾನು. ಉಪದೇಶಕ್ಕಿಂತ ನನ್ನ ಮನೆಯ ಸಂಗತಿಯನ್ನೇ ಹೇಳುವುದು ಲೇಸೆಂದು ತೋರುತ್ತದೆ.

ಬ್ಯಾಂಕಿನಲ್ಲಿದ್ದ ನನ್ನ ಮಗಳು ಎರಡು ವರ್ಷಗಳ ಹಿಂದೆ ಕೆಲಸ ಬಿಟ್ಟು ಒಳಾಂಗಣ ವಿನ್ಯಾಸಕ್ಕೆ ಇಳಿಯುತ್ತೇನೆಂದಳು. "ಗೋಡೆಗೂ ಪರದೆಗೂ ಬಣ್ಣ ಹೊಂದಿಸುವುದು ಒಂದು ವೃತ್ತಿಯೆ?" ಎಂದು ಕೇಳಿದೆ. ಅವಳು ಸುನೀತಾ ಕೊಹ್ಲಿಯವರ ಹೆಸರು ಹೇಳಿ, "ಅಪ್ಪ, ಅವರೂ ನಿಮ್ಮ ಹಾಗೆ ಇಂಗ್ಲಿಷ್ ಎಂ.ಎ." ಎಂದಳು. ನನಗೆ ಉತ್ತರ ಹೊಳೆಯಲಿಲ್ಲ.

ಲಾಹೋರಿನಲ್ಲಿ ಹುಟ್ಟಿ ಲಖ್ನೋದಲ್ಲಿ ಓದಿದ ಕೊಹ್ಲಿಯವರು ವಿನ್ಯಾಸದ ಶಾಲೆಗೆ ಹೋದವರಲ್ಲ. ಹಳೆಯ ಪೀಠೋಪಕರಣಗಳನ್ನು ಹುಡುಕಿ ತಂದು, ದುರಸ್ತಿ ಮಾಡಿಸುತ್ತ ಈ ವಿದ್ಯೆಯನ್ನು ಕಲಿತವರು. 1992ರಲ್ಲಿ ಅವರಿಗೆ ಪದ್ಮಶ್ರೀ ದೊರೆಯಿತು. ರಾಷ್ಟ್ರಪತಿ ಭವನದ ಒಳಾಂಗಣವನ್ನು ಜೀರ್ಣೋದ್ಧಾರ ಮಾಡಿದವರಲ್ಲಿ ಅವರು ಪ್ರಮುಖರು. ಅಲ್ಲಿ ಮೇಜು ಕುರ್ಚಿಗಳನ್ನೂ ಲಟ್ಯನ್ಸನೇ ರೂಪಿಸಿದ್ದ. ಅವನ ಮನಸ್ಸನ್ನು ಅರಿಯದೆ ಒಂದು ಕಾಲನ್ನೂ ಬದಲಿಸುವಂತಿರಲಿಲ್ಲ.

ದೆಹಲಿಯ ಹೈದರಾಬಾದ್ ಹೌಸಿನಲ್ಲಿಯೂ ಅವರ ಕೆಲಸವಿದೆ. ನಿಜಾಮ ಉಸ್ಮಾನ್ ಅಲಿ ಖಾನನಿಗಾಗಿ ಲಟ್ಯನ್ಸ್ ಕಟ್ಟಿದ ಆ ಮನೆಯ ಖರ್ಚಿನಲ್ಲಿ ಬೀದರ, ಕಲಬುರಗಿ, ರಾಯಚೂರುಗಳ ಕಂದಾಯವೂ ಸೇರಿದ್ದೀತು! ಸರಕಾರಿ ಕೆಲಸದ ಮೇಲೆ ಒಮ್ಮೆ ಒಳಗೆ ಹೋಗಿದ್ದೆ. ಕುಳಿತ ಕುರ್ಚಿ ಹೇಗಿತ್ತೆಂದು ಮಗಳು ಕೇಳಿದರೆ ನೆನಪಿಲ್ಲ. ಕೈಯಲ್ಲಿದ್ದ ಕಡತದ ಪುಟಸಂಖ್ಯೆ ಮಾತ್ರ ನೆನಪಿದೆ.

ಈ ವೃತ್ತಿಯ ಬಾಗಿಲು ಬಹಳ ಅಗಲ. ವಾಸ್ತುಶಿಲ್ಪಿಯೆಂದು ಕರೆದುಕೊಳ್ಳಲು 1972ರ ಕಾಯಿದೆಯ ಪ್ರಕಾರ ನೋಂದಣಿ ಬೇಕು. ಒಳಾಂಗಣ ವಿನ್ಯಾಸಕ್ಕೆ ಅಂಥ ಕಾಯಿದೆಯ ಕಟ್ಟಿಲ್ಲ. ಯಾರು ಬೇಕಾದರೂ ಫಲಕ ತೂಗುಹಾಕಬಹುದು. ಇದೇ ನನ್ನ ಭಯವಾಗಿತ್ತು. ಮಗಳು ಒಂದು ವರ್ಷದ ತರಬೇತಿ ಪಡೆದಳು. ಬಡಗಿಗಳ ಬಳಿ ನಿಂತು ಪ್ಲೈವುಡ್ಡಿನ ಗುಣ ತಿಳಿದಳು.

ಮೊದಲ ಕೆಲಸ ಕಾಚಿಗುಡಾದ ಕನ್ನಡ ಮನೆಯೊಂದರ ಅಡುಗೆಮನೆ. ಕಪಾಟು, ಕಟ್ಟೆ, ದೀಪ ಎಲ್ಲವೂ ಕಣ್ಣಿಗೆ ಹಬ್ಬ. ಗೃಹಪ್ರವೇಶದಂತೆ ನಾವೂ ಹೋದೆವು. ಆ ಮನೆಯ ಎಪ್ಪತ್ತೆಂಟರ ಅಜ್ಜಿ ಸುತ್ತಲೂ ನೋಡಿ, "ಚೆಂದ ಆಗೇದವ್ವ, ಆದ್ರ ಈಳಿಗೆಮಣಿ ಹಾಕ್ಕೊಂಡು ನಾ ಎಲ್ಲಿ ಕೂಡಲಿ?" ಎಂದರು. ಇಡೀ ನೆಲವನ್ನು ಕಪಾಟುಗಳು ನುಂಗಿದ್ದವು. ಮಗಳ ಮುಖ ಬಾಡಿತು. ಐವತ್ತು ವರ್ಷ ನೆಲದ ಮೇಲೆ ಕುಳಿತು ಕಾಯಿಪಲ್ಯ ಹೆಚ್ಚಿದವರನ್ನು ಅವಳು ಅಳತೆಗೆ ತೆಗೆದುಕೊಂಡಿರಲಿಲ್ಲ. ಲಟ್ಯನ್ಸನ ಮನಸ್ಸನ್ನು ಅರಿತವರನ್ನು ಮೆಚ್ಚಿದ ಹುಡುಗಿಗೆ ಅಜ್ಜಿಯ ಮನಸ್ಸು ತಪ್ಪಿಹೋಗಿತ್ತು.

ಕಿಟಕಿಯ ಕೆಳಗಿನ ಎರಡು ಕಪಾಟುಗಳನ್ನು ತನ್ನ ಖರ್ಚಿನಲ್ಲೇ ತೆಗೆಸಿದಳು. ಬಂದ ಲಾಭ ಅದರಲ್ಲೇ ಕರಗಿತು. "ಬ್ಯಾಂಕಿಗೆ ಮರಳುವೆಯಾ?" ಎಂದೆ. "ಇಲ್ಲ ಅಪ್ಪ, ಮುಂದಿನ ಮನೆಗೆ ಮೊದಲು ಊಟದ ಹೊತ್ತಿಗೆ ಹೋಗ್ತೀನಿ, ಯಾರು ಎಲ್ಲಿ ಕೂತ್ಕೋತಾರೆ ನೋಡ್ತೀನಿ" ಎಂದಳು.

ಕಳೆದ ಗುರುವಾರ ರಜೆ ಹಾಕಿ ಅವಳೊಡನೆ ಜುಮ್ಮೇರಾತ್ ಬಜಾರಿಗೆ ಹೋಗಿದ್ದೆ. ಹಳೆಯ ತೇಗದ ಕುರ್ಚಿಯೊಂದನ್ನು ಅವಳು ಬೋರಲು ಹಾಕಿ, ಜೋಡಣೆಯ ಗೂಟಗಳನ್ನು ಬೆರಳಿನಿಂದ ಒತ್ತಿ ನೋಡುತ್ತಿದ್ದಳು. ಅಳತೆಪಟ್ಟಿಯ ಇನ್ನೊಂದು ತುದಿಯನ್ನು ನಾನು ಹಿಡಿದಿದ್ದೆ.