ಅವ್ವನ ಕಾಲು ಮತ್ತು ‘ನರ’ ಎಂಬ ಮಾತು
(ಸುವರ್ಣ ಮಹೋತ್ಸವದಲ್ಲಿ ಹಳೆಯ ವಿದ್ಯಾರ್ಥಿಯೊಬ್ಬರು ಮಾಡಿದ ಭಾಷಣದ ಬರಹರೂಪ)



ಕಂಪ್ಯೂಟರ್ ಬಗ್ಗೆ, ನೌಕರಿ ಬಗ್ಗೆ ಎರಡು ಮಾತು ಹೇಳು ಎಂದು ನನ್ನನ್ನು ಕರೆದಿದ್ದಾರೆ. ಆದರೆ ನಾನು ಕಾಲಿನ ಬಗ್ಗೆ ಮಾತಾಡುತ್ತೇನೆ. ಬಿ.ಇ. ಓದಿದವನಿಗೆ ಕಾಲಿನ ಉಸಾಬರಿ ಯಾಕೆ ಎಂದು ನಗಬೇಡಿ. ಇದಕ್ಕೆ ಕಾರಣ ನಮ್ಮವ್ವ.

ಕೆಲವು ವರ್ಷಗಳ ಹಿಂದಿನ ಮಾತು. ಉಳ್ಳಾಗಡ್ಡಿ ಸುಗ್ಗಿ. ಅವ್ವ ಮೂರು ದಿನ ಕುಕ್ಕರಗಾಲಲ್ಲಿ ಕುಳಿತು ಉಳ್ಳಾಗಡ್ಡಿ ಕೊಯ್ದಳು. ನಾಲ್ಕನೆಯ ದಿನ ಮುಂಜಾನೆ ಎದ್ದರೆ ಬಲಗಾಲಿನ ಪಾದ ಮೇಲೇಳಲಿಲ್ಲ. ಚಪ್ಪಲಿ ಜಾರಿ ಬೀಳುತ್ತಿತ್ತು, ಹೊಸ್ತಿಲಿಗೆ ಬೆರಳು ಎಡವುತ್ತಿತ್ತು, ನಡೆದರೆ ಪಾದ ಪಟ್ ಪಟ್ ಎಂದು ನೆಲಕ್ಕೆ ಬಡಿಯುತ್ತಿತ್ತು. ಓಣಿಯವರು ‘ಲಕ್ವಾ ಹೊಡದೈತಿ’ ಎಂದರು. ಒಬ್ಬರು ಎಣ್ಣೆ ತಿಕ್ಕಿದರು, ಇನ್ನೊಬ್ಬರು ದಾರ ಕಟ್ಟಿದರು. ನಾನು ಬೆಂಗಳೂರಿನಿಂದ ಬರುವಷ್ಟರಲ್ಲಿ ಎಂಟು ದಿನ ಆಗಿತ್ತು.

ಗದಗಿನಲ್ಲಿ ವೈದ್ಯರು ಅವ್ವನ ಬೆನ್ನು ನೋಡಿದರು, ಕೈಯ ಶಕ್ತಿ ನೋಡಿದರು, ಮಾತಾಡಿಸಿದರು. ಆಮೇಲೆ ಮೊಣಕಾಲಿನ ಹೊರಬದಿಗೆ, ತುಸು ಕೆಳಗೆ ಕೈಗೆ ಸಿಗುವ ಎಲುಬಿನ ಗುಬ್ಬಿಯ ಹತ್ತಿರ ಬೆರಳಿನಿಂದ ತಟ್ಟಿದರು. ಪಾದದವರೆಗೆ ಜುಮ್ ಎಂದಿತು. ‘ಲಕ್ವಾ ಅಲ್ಲಬೇ ಯವ್ವಾ, ಕುಂತು ಕುಂತು ನರ ಅಮುಕೈತಿ’ ಎಂದರು.

ನಮ್ಮ ಕಡೆ ‘ನರ’ ಎಂಬ ಒಂದೇ ಮಾತಿಗೆ ನಾಲ್ಕು ಕೆಲಸ. ಮೀನಖಂಡ ಸೆಟೆದರೆ ನರ ಹಿಡಿಯಿತು ಎನ್ನುತ್ತೇವೆ, ಅದು ಸ್ನಾಯು. ಹಿಮ್ಮಡಿಯ ಹಿಂದಿನ ಗಟ್ಟಿ ಹುರಿಗೂ ನರ ಎನ್ನುತ್ತೇವೆ, ಅದು ಸ್ನಾಯುವನ್ನು ಎಲುಬಿಗೆ ಕಟ್ಟಿದ ಹಗ್ಗ. ಕಾಲಿನ ಮೇಲೆ ನೀಲಿಯಾಗಿ ಉಬ್ಬಿದ್ದೂ ನರ, ಅದು ರಕ್ತದ ನಾಳ. ನಿಜವಾದ ನರ ಮೆದುಳಿನ ಸುದ್ದಿ ಒಯ್ಯುವ ತಂತಿ. ಬಂಡಿಯ ಲೆಕ್ಕದಲ್ಲಿ ಹೇಳುವುದಾದರೆ ಸ್ನಾಯು ಎತ್ತು, ನರ ಆ ಎತ್ತಿಗೆ ಸನ್ನೆ ಮುಟ್ಟಿಸುವ ಮೂಗುದಾರ. ನೊಗ ಅಲುಗದಂತೆ ಬಿಗಿದ ಮಿಣಿ ಇದೆಯಲ್ಲ, ಎಲುಬಿಗೂ ಎಲುಬಿಗೂ ನಡುವೆ ಅಂಥ ಕಟ್ಟು ಇದೆ. ಅದಕ್ಕೆ ಲಿಗಮೆಂಟ್ ಎನ್ನುತ್ತಾರೆ. ಮೂಗುದಾರ ಹರಿದಾಗ ಎತ್ತಿಗೆ ಎಣ್ಣೆ ತಿಕ್ಕಿದರೆ ಏನಾದೀತು?

ಸೊಂಟದಿಂದ ಇಳಿಯುವ ಸಯಾಟಿಕ್ ನರ ನಮ್ಮ ಮೈಯಲ್ಲೇ ಅತಿ ದಪ್ಪನೆಯದು, ಹೆಚ್ಚುಕಡಿಮೆ ಬೆರಳಿನಷ್ಟು. ತೊಡೆಯ ಹಿಂದೆ ಆಳದಲ್ಲಿ ಇಳಿದು ಮೊಣಕಾಲಿನ ಮೇಲ್ಗಡೆ ಎರಡಾಗುತ್ತದೆ. ಒಂದು ಮೀನಖಂಡದ ಕಡೆಗೆ. ಇನ್ನೊಂದು, ಪೆರೋನಿಯಲ್ ನರ, ಆ ಹೊರಗಿನ ಎಲುಬಿನ ಕುತ್ತಿಗೆಯನ್ನು ಸುತ್ತಿಕೊಂಡು ಮುಂದೆ ಬರುತ್ತದೆ. ಅಲ್ಲಿ ಅದಕ್ಕೆ ಮೇಲಿನ ಚರ್ಮ, ಕೆಳಗಿನ ಎಲುಬು ಅಷ್ಟೇ, ಮಾಂಸದ ಮೆತ್ತೆಯಿಲ್ಲ. ಪಾದವನ್ನು ಮೇಲೆತ್ತುವ ಸ್ನಾಯುಗಳೆಲ್ಲ ಅದರ ಅಧೀನ. ಕುಕ್ಕರಗಾಲಲ್ಲಿ ತಾಸುಗಟ್ಟಲೆ ಕುಳಿತರೆ ಅದು ಅಲ್ಲೇ ಒತ್ತಿಹೋಗುತ್ತದೆ. ಕುರ್ಚಿಯಲ್ಲಿ ಕಾಲ ಮೇಲೆ ಕಾಲು ಹಾಕಿ ದಿನವಿಡೀ ಕೂಡುವ ನನ್ನಂಥವರಿಗೂ ಇದು ತಪ್ಪಿದ್ದಲ್ಲ. ಆದರೆ ನಾನು ನಡುವೆ ಎದ್ದು ಚಹಾಕ್ಕೆ ಹೋಗಬಹುದು. ಗುತ್ತಿಗೆಯ ಮೇಲೆ ಉಳ್ಳಾಗಡ್ಡಿ ಕೊಯ್ಯುವ ಹೆಣ್ಣುಮಗಳು ಎದ್ದರೆ ಅವಳ ಕೂಲಿ ಕಡಿಮೆಯಾಗುತ್ತದೆ. ಹೊಲದ ಮಾಲೀಕರೂ ಇಲ್ಲಿ ಕುಳಿತಿದ್ದೀರಿ, ಅದಕ್ಕೇ ಹೇಳಿದೆ.

ಪಂಪ್‌ಸೆಟ್ಟಿನ ವೈರು ನೋಡಿದ್ದೀರಿ. ನರಕ್ಕೂ ಮೇಲೊಂದು ಹೊದಿಕೆಯಿದೆ. ಹೊದಿಕೆ ಮಾತ್ರ ಕೆಟ್ಟಿದ್ದರೆ ಕೆಲವು ವಾರಗಳಲ್ಲಿ, ಬಹಳವಾದರೆ ಎರಡು ಮೂರು ತಿಂಗಳಲ್ಲಿ ಸರಿಹೋಗುತ್ತದೆ. ಒಳಗಿನ ತಂತಿಯೇ ಕಡಿದಿದ್ದರೆ ಮತ್ತೆ ಬೆಳೆಯುವುದು ದಿನಕ್ಕೆ ಸುಮಾರು 1 ಮಿಲಿಮೀಟರ್. ಅವ್ವನದು ಮೊದಲನೆಯದು. ಪಾದ ಜೋಲದಂತೆ ಒಂದು ಪಟ್ಟಿ ಕೊಟ್ಟರು, ವ್ಯಾಯಾಮ ಹೇಳಿಕೊಟ್ಟರು. ಎರಡೂವರೆ ತಿಂಗಳಿಗೆ ಚಪ್ಪಲಿ ನಿಂತಿತು.

ಮನೆಯಲ್ಲಿ ಯಾರಿಗಾದರೂ ಸಂಶಯ ಬಂದರೆ ಹಿಮ್ಮಡಿಯ ಮೇಲೆ ನಾಲ್ಕು ಹೆಜ್ಜೆ ನಡೆಯಲು ಹೇಳಿ. ಪಾದ ಎತ್ತಲು ಆಗದಿದ್ದರೆ ದವಾಖಾನೆಗೆ ಹೋಗಿ. ಬೆನ್ನಿನ ಡಿಸ್ಕ್ ಜಾರಿದರೂ ಹೀಗಾಗುತ್ತದೆ. ಚರ್ಮದ ಮೇಲೆ ಸ್ಪರ್ಶ ತಿಳಿಯದ ಮಚ್ಚೆಯಿದ್ದರೆ ಕುಷ್ಠವೂ ಇರಬಹುದು. ಅದು ಇದೇ ನರವನ್ನು ಹಿಡಿಯುತ್ತದೆ. ನಾಚಿಕೆಪಡುವಂಥದ್ದಲ್ಲ, ಸರ್ಕಾರಿ ಆಸ್ಪತ್ರೆಯಲ್ಲಿ ಔಷಧ ಪುಕ್ಕಟೆ, ಗುಣವೂ ಆಗುತ್ತದೆ. ಬಾಯಿ ಸೊಟ್ಟಗಾಗುವುದು, ಕೈ ಬೀಳುವುದು, ಮಾತು ತೊದಲುವುದು, ಇವುಗಳಲ್ಲಿ ಒಂದಿದ್ದರೂ ಅದು ನಿಜವಾದ ಲಕ್ವಾ ಇರಬಹುದು. ಆಗ ಎಣ್ಣೆ, ದಾರ ಎಂದು ಒಂದು ತಾಸನ್ನೂ ಕಳೆಯಬೇಡಿ.

ಇನ್ನು ಕಬಡ್ಡಿ ಹುಡುಗರಿಗೆ ಒಂದು ಮಾತು. ಮೊಣಕಾಲಿನ ಒಳಗೆ ಗುಣಿಸುವ ಚಿಹ್ನೆಯ ಹಾಗೆ ಎರಡು ಕಟ್ಟುಗಳಿವೆ. ಪಾದ ನೆಲಕ್ಕೆ ಊರಿದಂತೆ ಮೈ ಗರ್ರನೆ ತಿರುಗಿದರೆ ಮುಂದಿನದು, ಪೇಪರಿನಲ್ಲಿ ಎಸಿಎಲ್ ಎಂದು ಬರೆಯುತ್ತಾರಲ್ಲ ಅದು, ಹರಿಯುತ್ತದೆ. ‘ಟಪ್’ ಎಂದು ಕೇಳಿಸುತ್ತದೆ, ಕೆಲವೇ ತಾಸಿನಲ್ಲಿ ಮೊಣಕಾಲು ಬಾತುಕೊಳ್ಳುತ್ತದೆ. ಬಾವು ಇಳಿದ ಮೇಲೆ ನೆಟ್ಟಗೆ ನಡೆಯಬಹುದು, ಆದರೆ ತಿರುಗುವಾಗ ಮೊಣಕಾಲು ಕೈಕೊಡುತ್ತದೆ. ನಮ್ಮ ಕಾಲದಲ್ಲಿ ಹೀಗಾದ ಗೆಳೆಯನನ್ನು ಜಗ್ಗಿ, ತಿಕ್ಕಿ, ಹದಿನೈದು ದಿನಕ್ಕೆ ಮತ್ತೆ ಅಂಕಣಕ್ಕೆ ಇಳಿಸಿದೆವು. ತಪ್ಪು ನಮ್ಮದೇ. ಅವನು ಇಂದಿಗೂ ಮೆಟ್ಟಿಲು ಇಳಿಯುವಾಗ ಗೋಡೆ ಹಿಡಿಯುತ್ತಾನೆ. ಜಗ್ಗಬೇಡಿ, ತಿಕ್ಕಬೇಡಿ. ಬಟ್ಟೆಯಲ್ಲಿ ಸುತ್ತಿದ ಐಸ್ ಇಟ್ಟು, ಕಾಲು ಎತ್ತರಿಸಿ, ಎಲುಬಿನ ಡಾಕ್ಟರರಿಗೆ ತೋರಿಸಿ.

ಅವ್ವ ಈಗಲೂ ಹೊಲಕ್ಕೆ ಹೋಗುತ್ತಾಳೆ, ಬೇಡ ಎಂದರೆ ಕೇಳುವುದಿಲ್ಲ. ಸಣ್ಣದೊಂದು ಮಣೆ ಒಯ್ಯುತ್ತಾಳೆ. ಕಾಲಿಗೆ ಜೋಮು ಹಿಡಿಯಿತೆಂದರೆ ಎದ್ದು ನಾಲ್ಕು ಹೆಜ್ಜೆ ಅಡ್ಡಾಡುತ್ತಾಳೆ. ಮೊದಮೊದಲು ಜೊತೆಯವರು ‘ಇಂಜಿನಿಯರ್‌ನ ಅವ್ವ ಎದ್ಲು ನೋಡ್ರೆವಾ’ ಎಂದು ನಗುತ್ತಿದ್ದರಂತೆ. ಈಗ ಅವಳು ಎದ್ದರೆ ಅವರೂ ಏಳುತ್ತಾರೆ, ಎಲೆ ಅಡಿಕೆ ಸಂಚಿ ಬಿಚ್ಚುತ್ತಾರೆ.